ವೈದ್ಯವಿದ್ಯಾರ್ಥಿಗಳಿಗೆ ಬೇಕಾದ ಒತ್ತಾಸೆ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಓದಿದ ಉಪನ್ಯಾಸ)

 

ಒಂದು ಮನೆಯ ಮಗನಾಗಲಿ ಮಗಳಾಗಲಿ ವೈದ್ಯಕೀಯ ಕಾಲೇಜಿಗೆ ಸೇರಿದ ದಿವಸ ಆ ಮನೆಯೊಂದೇ ಅಲ್ಲ, ಆ ಓಣಿಯೇ ಹಿಗ್ಗುವುದು ಈ ನಾಡಿನ ವಾಡಿಕೆ. ಮಠಕ್ಕೆ ಕರೆತಂದು ಗದ್ದುಗೆಗೆ ಕಾಯಿ ಒಡೆಸುವರು; ಶಾಲು ಹೊದಿಸುವರು; ಓದು ಮುಗಿದ ಮೇಲೆ ಊರಿನಲ್ಲಿಯೇ ದವಾಖಾನೆ ತೆರೆಯಬೇಕೆಂದು ಹಿರಿಯರು ಅಪ್ಪಣೆ ಮಾಡುವರು. ಇದೆಲ್ಲವೂ ಯುಕ್ತವೇ. ಆದರೆ ಆ ದಿವಸದಿಂದ ಮುಂದಕ್ಕೆ ಎಂ.ಬಿ.ಬಿ.ಎಸ್. ವ್ಯಾಸಂಗದ ನಾಲ್ಕೂವರೆ ವರ್ಷ, ಇಂಟರ್ನ್ ಆಗಿ ಆಸ್ಪತ್ರೆಯಲ್ಲಿ ದುಡಿಯುವ ಒಂದು ವರ್ಷ, ಮೇಲ್ವ್ಯಾಸಂಗಕ್ಕೆ ನಿಂತರೆ ರೆಸಿಡೆಂಟ್ ಎನಿಸಿಕೊಂಡು ಮತ್ತೆ ಮೂರು ವರ್ಷ. ಇಷ್ಟು ದೀರ್ಘಕಾಲ ಆ ಮಗು ಏನು ಉಂಡಿತು, ಎಷ್ಟು ಮಲಗಿತು, ಯಾವ ರಾತ್ರಿ ಒಂಟಿಯಾಗಿ ಕುಳಿತು ಅತ್ತಿತು ಎಂಬುದನ್ನು ಕೇಳುವವರು ಎಷ್ಟು ಮಂದಿ? ಪ್ರವೇಶದ ದಿನದ ಹಾರಕ್ಕೂ ಪದವಿಯ ದಿನದ ಹಾರಕ್ಕೂ ನಡುವೆ ಇರುವ ಈ ಎಂಟೂವರೆ ಸಂವತ್ಸರಗಳ ವಿಚಾರವೇ ಈ ಉಪನ್ಯಾಸದ ವಿಷಯವಾಗಿದೆ.

ಕನ್ನಡಿಗರ ಮಕ್ಕಳಿಗೆ ವೈದ್ಯವಿದ್ಯೆಯ ಬಾಗಿಲು ತೆರೆದುದು ತಡವಾಗಿ. ಮದರಾಸಿನಲ್ಲಿ ೧೮೩೫ರಲ್ಲಿಯೂ ಮುಂಬಯಿಯಲ್ಲಿ ೧೮೪೫ರಲ್ಲಿಯೂ ವೈದ್ಯಶಾಲೆಗಳು ಸ್ಥಾಪನೆಯಾಗಿದ್ದರೂ ಅಲ್ಲಿಗೆ ಹೋಗಿ ಕಲಿಯುವ ಅನುಕೂಲವಿದ್ದವರು ಬೆರಳೆಣಿಕೆಯಷ್ಟು ಜನ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಹುಬ್ಬಳ್ಳಿಗೆ ೧೯೫೭ರಲ್ಲಿ ಕಾಲೇಜು ಬಂದಿತು. ಆಮೇಲೆ ಸಮಾಜದ ಹಿರಿಯರೂ ಮಠಮಾನ್ಯಗಳೂ ಕಟ್ಟಿದ ವಿದ್ಯಾಸಂಸ್ಥೆಗಳೇ ಮುಂದೆ ಬಂದವು: ಬೆಳಗಾವಿ, ಕಲಬುರಗಿಗಳಲ್ಲಿ ೧೯೬೩ರಲ್ಲಿ, ದಾವಣಗೆರೆಯಲ್ಲಿ ೧೯೬೫ರಲ್ಲಿ, ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಯಲ್ಲಿ ೧೯೮೪ರಲ್ಲಿ, ವಿಜಯಪುರದಲ್ಲಿ ೧೯೮೬ರಲ್ಲಿ. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಬೆಳೆದ ಎಷ್ಟೋ ಬಡಮಕ್ಕಳು ಈ ಬಾಗಿಲುಗಳನ್ನು ದಾಟಿ ವೈದ್ಯರಾದರು. ಬಾಗಿಲು ತೆರೆದವರ ಉಪಕಾರವು ದೊಡ್ಡದು. ಒಳಗೆ ಕಾಲಿಟ್ಟವರ ಕೈಹಿಡಿದು ನಡೆಸುವ ಏರ್ಪಾಡು ಮಾತ್ರ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲವೆಂದು ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಹಳ್ಳಿಯಿಂದ ಬಂದ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಸರ್ಕಾರದ ಪಾಲಿನ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಮೀಸಲಿರುವುದರಿಂದ ಇಂಥವರು ಪ್ರತಿವರ್ಷವೂ ಬರುತ್ತಾರೆ. ಹತ್ತನೆಯ ತರಗತಿಯ ತನಕ ಎಲುಬು, ನರ, ಸ್ನಾಯು ಎಂದು ಕಲಿತವನ ಮುಂದೆ ಮೊದಲನೆಯ ವಾರದಲ್ಲಿಯೇ ಲ್ಯಾಟಿನ್ ಹೆಸರುಗಳ ಮಳೆ ಸುರಿಯುವುದು. ದೇಹದಲ್ಲಿರುವ ೨೦೬ ಎಲುಬುಗಳಲ್ಲಿ ಒಂದೊಂದಕ್ಕೂ ಅಂಚು, ಗುಳಿ, ಉಬ್ಬು ಎಂದು ಹತ್ತು ಹೆಸರು. ತರಗತಿಯಲ್ಲಿ ನೂರೈವತ್ತು ಮಂದಿ. ಪ್ರಶ್ನೆ ಕೇಳಬೇಕೆಂದರೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವಷ್ಟರಲ್ಲಿ ಉಪನ್ಯಾಸವು ಮುಂದಿನ ಪುಟಕ್ಕೆ ಹೋಗಿರುವುದು. ಹುಟ್ಟಿದಾರಭ್ಯ ತರಗತಿಗೆ ಮೊದಲಿಗನಾಗಿದ್ದವನು ಮೊದಲ ಕಿರುಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಸೋಲು ಎಂಬುದರ ಪರಿಚಯವೇ ಇಲ್ಲದವನಿಗೆ ಅದು ಹೊಸ ಕಾಯಿಲೆಯಂತೆ ತಟ್ಟುವುದು. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶಗಳೆಂಬ ೨೦೨೩ರ ನಿಯಮವು ತಲೆಯ ಮೇಲೆ ತೂಗುತ್ತಿರುವುದು. ಮನೆಗೆ ಫೋನು ಮಾಡಿದಾಗ ತಂದೆಯು, 'ಎಲ್ಲಾ ಛಲೋ ನಡದೈತಿಲ್ಲಪ್ಪಾ?' ಎಂದು ಕೇಳಿದರೆ, 'ಹೂಂ ಅಪ್ಪಾ' ಎಂದೇ ಉತ್ತರ. ಹೊಲ ಅಡವಿಟ್ಟ ತಂದೆಗೆ ಬೇರೇನು ಹೇಳಲು ಸಾಧ್ಯ?

ಈ ಒಂದು 'ಹೂಂ' ಎಂಬುದರ ಹಿಂದೆ ಏನಿದೆಯೆಂಬುದನ್ನು ತಿಳಿಯುವವರು ಕಾಲೇಜಿನಲ್ಲಿ ಒಬ್ಬರಾದರೂ ಇರಬೇಕು ಎಂಬುದೇ ಇಂದಿನ ಮಾತಿನ ತಿರುಳು.

ಇನ್ನು ರೆಸಿಡೆಂಟರ ವಿಷಯ. ಈ ಹೆಸರೇ ಅವರ ಕಥೆಯನ್ನು ಹೇಳುವುದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ೧೮೮೯ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್, ವಿಲಿಯಂ ಹಾಲ್‌ಸ್ಟೆಡ್ ಮೊದಲಾದ ಪಂಡಿತರು ಎಳೆಯ ವೈದ್ಯರನ್ನು ಆಸ್ಪತ್ರೆಯಲ್ಲಿಯೇ ವಾಸವಾಗಿರಿಸಿಕೊಂಡು ತಯಾರುಮಾಡುವ ಪದ್ಧತಿಯನ್ನು ನೆಲೆಗೊಳಿಸಿದರು. ವಾಸವಾಗಿರುವವನು ಆದುದರಿಂದ ರೆಸಿಡೆಂಟ್. ರೋಗಿಯ ಹಾಸಿಗೆಯ ಬಳಿ ನಿಂತು ಕಲಿಸಿದ ಆಸ್ಲರನ ಕೀರ್ತಿಯು ಸಾರ್ಥಕವಾದುದು. ಶಸ್ತ್ರವೈದ್ಯನಾದ ಹಾಲ್‌ಸ್ಟೆಡನ ಕೆಳಗೆ ಹಗಲಿರುಳೆನ್ನದೆ ದುಡಿಯಬೇಕು, ಅನೇಕರು ಸೇರಿ ಕೊನೆಗೆ ಒಬ್ಬಿಬ್ಬರು ಶಿಖರಕ್ಕೇರಬೇಕು ಎಂಬ ಏರ್ಪಾಡಿತ್ತು. ಆದರೆ ಈ ಹಾಲ್‌ಸ್ಟೆಡನು ಅರಿವಳಿಕೆಯ ಔಷಧವನ್ನು ತನ್ನ ಮೈಮೇಲೆಯೇ ಪ್ರಯೋಗಿಸಿಕೊಳ್ಳಲು ಹೋಗಿ ಕೊಕೇನಿಗೂ, ಆಮೇಲೆ ಮಾರ್ಫಿನ್ನಿಗೂ ದಾಸನಾಗಿದ್ದನೆಂಬುದು ಲೋಕಕ್ಕೆ ಬಹುಕಾಲ ತಿಳಿಯದಂತಿತ್ತು. ಆಸ್ಲರನು ಗುಟ್ಟಾಗಿ ಬರೆದಿಟ್ಟಿದ್ದ ಟಿಪ್ಪಣಿಯು ೧೯೬೯ರಲ್ಲಿ ಪ್ರಕಟವಾದ ಮೇಲೆ ಅದು ಬಯಲಾಯಿತು. ಮಹಾಶಸ್ತ್ರವೈದ್ಯನೊಬ್ಬನು ತನ್ನ ಸಂಕಟವನ್ನು ಹೇಳಿಕೊಳ್ಳಲಾರದೆ ಮುಚ್ಚಿಟ್ಟು ಬದುಕಿದನು. ಅವನು ಕಟ್ಟಿದ ಪದ್ಧತಿಯಲ್ಲಿಯೂ ಸಂಕಟವನ್ನು ಮುಚ್ಚಿಡುವುದೇ ಮರ್ಯಾದೆಯೆಂಬ ಭಾವನೆ ಉಳಿದುಬಂದಿತು. ಹಗಲೂ ರಾತ್ರಿಯೂ ನಿಂತು ದುಡಿದವನೇ ಗಟ್ಟಿಗ, ಕುಳಿತವನು ಹೇಡಿ ಎಂಬ ಮಾತು ಇಂದಿಗೂ ವಾರ್ಡುಗಳಲ್ಲಿ ಕೇಳಿಬರುತ್ತದೆ.

ಈ ಭಾವನೆಗೆ ಮೊದಲ ಪೆಟ್ಟು ಬಿದ್ದುದು ನ್ಯೂಯಾರ್ಕಿನಲ್ಲಿ. ಅಲ್ಲಿನ ಆಸ್ಪತ್ರೆಯೊಂದಕ್ಕೆ ೧೯೮೪ರಲ್ಲಿ ಜ್ವರದಿಂದ ಸೇರಿದ ಲಿಬ್ಬಿ ಜಯಾನ್ ಎಂಬ ೧೮ ವರ್ಷದ ಕನ್ಯೆಯು ಒಂದೇ ರಾತ್ರಿಯಲ್ಲಿ ತೀರಿಕೊಂಡಳು. ನಿದ್ದೆಯಿಲ್ಲದ ಎಳೆಯ ವೈದ್ಯರ ಕೈಗೆ ಮಗಳನ್ನು ಒಪ್ಪಿಸಲಾಗಿತ್ತೆಂದು ತಂದೆಯು ಹೋರಾಡಿದನು. ಆ ಸಂಸ್ಥಾನದಲ್ಲಿ ೧೯೮೯ರಿಂದ ರೆಸಿಡೆಂಟರ ದುಡಿಮೆಯು ವಾರಕ್ಕೆ ೮೦ ಗಂಟೆಗೆ ಮೀರಕೂಡದೆಂದು ನಿಯಮವಾಯಿತು. ೨೦೦೩ರಲ್ಲಿ ಅದು ಅಮೆರಿಕಕ್ಕೆಲ್ಲ ವ್ಯಾಪಿಸಿತು. ಯುರೋಪಿನಲ್ಲಿ ೨೦೦೯ರಿಂದ ಕಿರಿಯ ವೈದ್ಯರಿಗೆ ವಾರಕ್ಕೆ ಸರಾಸರಿ ೪೮ ಗಂಟೆಯ ಕಟ್ಟಳೆಯಿದೆ. ಭಾರತವು ಈ ವಿಷಯದಲ್ಲಿ ಹಿಂದೆ ಬಿದ್ದಿತೆಂದು ಯಾರಾದರೂ ತಿಳಿದರೆ ಅದು ತಪ್ಪು; ಕಾಗದದ ಮೇಲೆ ಬಹಳ ಮುಂದಿದೆ. ಕೇಂದ್ರ ಸರ್ಕಾರವು ೧೯೯೨ರಲ್ಲಿ ಹೊರಡಿಸಿದ ರೆಸಿಡೆನ್ಸಿ ಯೋಜನೆಯಲ್ಲಿಯೇ ಕಿರಿಯ ರೆಸಿಡೆಂಟರು ಸಾಮಾನ್ಯವಾಗಿ ವಾರಕ್ಕೆ ೪೮ ಗಂಟೆ, ಒಂದೇ ಸಮನೆ ೧೨ ಗಂಟೆಗೆ ಮೀರದಂತೆ ದುಡಿಯತಕ್ಕದ್ದೆಂದು ಬರೆದಿದೆ. ೨೦೨೩ರ ಸ್ನಾತಕೋತ್ತರ ನಿಯಮಗಳಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ ೨೦ ದಿನಗಳ ಸಂಬಳಸಹಿತ ರಜೆ ಎಂದು ಹೇಳಿದೆ. ಕಾಗದವು ವಾರ್ಡಿನ ತನಕ ನಡೆದು ಬಂದುದನ್ನು ಕಂಡವರು ವಿರಳ.

ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ ಕಾರ್ಯಪಡೆಯೊಂದು ೨೦೨೪ರಲ್ಲಿ ವರದಿ ಕೊಟ್ಟಿತು. ಪದವಿಯ ವಿದ್ಯಾರ್ಥಿಗಳು ೨೫,೫೯೦ ಮಂದಿ, ಸ್ನಾತಕೋತ್ತರರು ೫,೩೩೭ ಮಂದಿ ಅದರ ಪ್ರಶ್ನೆಗಳಿಗೆ ಉತ್ತರ ಬರೆದಿದ್ದರು. ಪದವಿಯವರಲ್ಲಿ ನೂರಕ್ಕೆ ೨೭.೮, ಸ್ನಾತಕೋತ್ತರರಲ್ಲಿ ನೂರಕ್ಕೆ ೧೫.೩ ಮಂದಿ ತಮಗೆ ಮಾನಸಿಕ ವ್ಯಾಧಿಯುಂಟೆಂದರು. ಪ್ರಾಣವನ್ನು ಕಳೆದುಕೊಳ್ಳುವ ಯೋಚನೆ ಬಂದಿತ್ತೆಂದು ಹೇಳಿದ ಸ್ನಾತಕೋತ್ತರರು ನೂರಕ್ಕೆ ಸುಮಾರು ೩೧ ಮಂದಿ. ಸ್ವೇಚ್ಛೆಯಿಂದ ಉತ್ತರಿಸಿದವರ ಲೆಕ್ಕವಾದುದರಿಂದ ಇದನ್ನು ಎಲ್ಲರಿಗೂ ಅನ್ವಯಿಸಲಾಗದು, ನಿಜ. ಆದರೆ ನೂರರಲ್ಲಿ ಹತ್ತೇ ಮಂದಿಯಾದರೂ ಅದು ಸಣ್ಣ ಸಂಖ್ಯೆಯೇ? ವಾರಕ್ಕೆ ೭೪ ಗಂಟೆಗೆ ಮೀರದ ದುಡಿಮೆ, ವಾರಕ್ಕೊಂದು ಬಿಡುವು, ದಿನಕ್ಕೆ ಏಳೆಂಟು ಗಂಟೆಯ ನಿದ್ದೆ ಇರಬೇಕೆಂದು ಕಾರ್ಯಪಡೆಯು ಸಲಹೆ ಮಾಡಿತು. ಅದೇ ವರ್ಷದ ಆಗಸ್ಟ್ ೯ರಂದು ಕೋಲ್ಕತ್ತೆಯಲ್ಲಿ ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಹೋದ ಎಳೆಯ ವೈದ್ಯೆಯೊಬ್ಬಳು ಆಸ್ಪತ್ರೆಯೊಳಗೇ ಅತ್ಯಾಚಾರಕ್ಕೆ ಗುರಿಯಾಗಿ ಕೊಲೆಯಾದಳು. ಮಲಗಲು ಚಿಲಕವಿರುವ ಒಂದು ಕೋಣೆಯೂ ಹೆಣ್ಣುಮಕ್ಕಳಿಗೆ ದೊರೆಯದಿದ್ದರೆ ಉಳಿದ ಮಾತೆಲ್ಲ ವ್ಯರ್ಥ.

ಈಗ ಒತ್ತಾಸೆಯ ವಿಚಾರಕ್ಕೆ ಬರಬಹುದು. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ 'ಕೋಚಿಂಗ್' ಎನ್ನುವರು. ಆ ಶಬ್ದ ಕಿವಿಗೆ ಬಿದ್ದೊಡನೆ ಇಲ್ಲಿನ ತಂದೆತಾಯಿಗಳಿಗೆ ನೆನಪಾಗುವುದು ನೀಟ್ ಪರೀಕ್ಷೆಗೆ ಸಾವಿರಾರು ರೂಪಾಯಿ ತೆತ್ತು ಸೇರಿಸುವ ಕೋಣೆಗಳು. ಇಲ್ಲಿ ಅಭಿಪ್ರೇತವಾದುದು ಅದಲ್ಲ. ಹಂಗೆರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಆ ಹಳ್ಳಿಯ ಹೆಸರೇ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯಾಚೆಗೆ ದಾಟಿಸುವ ಮೇಷ್ಟರನ್ನು ತಮಾಷೆಗೆ ಆ ಗಾಡಿಯ ಹೆಸರಿನಿಂದ ಕರೆದರು. ಅನಂತರ ಆಟದ ಬಯಲಿನ ಶಿಕ್ಷಕರಿಗೆ ಅದು ಅಂಟಿಕೊಂಡಿತು. ಇದರ ಅರ್ಥವನ್ನು ಕನ್ನಡಿಗರಿಗೆ ತಿಳಿಸಲು ಹಂಗೆರಿಗೆ ಹೋಗಬೇಕಾದುದಿಲ್ಲ. ಗರಡಿಮನೆಯ ವಸ್ತಾದನನ್ನು ನೋಡಿದರೆ ಸಾಕು. ವಸ್ತಾದನು ತಾನು ಕುಸ್ತಿ ಹಿಡಿಯುವುದಿಲ್ಲ. ಕಣದ ಅಂಚಿನಲ್ಲಿ ನಿಂತು ಶಿಷ್ಯನ ಕಾಲು ಎಲ್ಲಿ ಸಡಿಲವಾಯಿತು, ಉಸಿರು ಎಲ್ಲಿ ಕೆಟ್ಟಿತು ಎಂಬುದನ್ನು ನೋಡುತ್ತಿರುವನು. ಕುಸ್ತಿಯಲ್ಲಿ ತೀರ್ಪು ಹೇಳುವವನು ಬೇರೆ, ವಸ್ತಾದನು ಬೇರೆ. ಈ ಭೇದವು ಮುಖ್ಯವಾದುದು. ಮುಂದೆ ಮತ್ತೆ ಬರುವುದು.

ಬಾಸ್ಟನ್ ನಗರದ ಶಸ್ತ್ರವೈದ್ಯರೂ ಲೇಖಕರೂ ಆದ ಅತುಲ ಗವಾಂಡೆಯವರು ೨೦೧೧ರಲ್ಲಿ ತಮ್ಮ ಅನುಭವವೊಂದನ್ನು ಬರೆದರು. ಎಂಟು ವರ್ಷ ಶಸ್ತ್ರಚಿಕಿತ್ಸೆ ನಡೆಸಿದ ಮೇಲೆ ತಮ್ಮ ಕೌಶಲವು ಮುಂದೆ ಬೆಳೆಯುತ್ತಿಲ್ಲವೆಂದು ಅವರಿಗೆ ತೋರಿತು. ತಮಗೆ ಹಿಂದೆ ಕಲಿಸಿದ, ನಿವೃತ್ತರಾಗಿದ್ದ ರಾಬರ್ಟ್ ಆಸ್ಟೀನ್ ಎಂಬ ಶಸ್ತ್ರವೈದ್ಯರನ್ನು ಬರಮಾಡಿಕೊಂಡು, ಶಸ್ತ್ರಕ್ರಿಯೆಯ ಕೋಣೆಯಲ್ಲಿ ಸುಮ್ಮನೆ ನಿಂತು ನೋಡಬೇಕೆಂದು ಬೇಡಿದರು. ಶಸ್ತ್ರಕ್ರಿಯೆಯು ಚೆನ್ನಾಗಿಯೇ ನಡೆಯಿತು. ಗವಾಂಡೆಯವರಿಗೆ ತಪ್ಪೊಂದೂ ಕಾಣಲಿಲ್ಲ. ಹಿರಿಯರ ಕೈಯಲ್ಲಿದ್ದ ಕಾಗದವು ಮಾತ್ರ ಸಣ್ಣ ಸಣ್ಣ ಟಿಪ್ಪಣಿಗಳಿಂದ ತುಂಬಿತ್ತು. ಮೇಲಿನ ದೀಪದ ಬೆಳಕು ಗಾಯದಿಂದ ಸರಿದುಹೋಗಿ ಬಹಳ ಹೊತ್ತಾದರೂ ಯಾರೂ ಗಮನಿಸಿರಲಿಲ್ಲ. ಮೊಣಕೈ ಆಗಾಗ ಮೇಲೇಳುತ್ತಿತ್ತು. ಮೊಣಕೈ ಎದ್ದಾಗ ಬೆರಳಿನ ಹಿಡಿತ ತಪ್ಪುವುದು. ಹೊದಿಕೆಯ ಬಟ್ಟೆಯನ್ನು ಹಾಕಿದ ರೀತಿಯಿಂದ ಎದುರುಗಡೆಯ ಸಹಾಯಕನಿಗೆ ಎಡೆಯಿರಲಿಲ್ಲ. ಇಷ್ಟೇ. ಇವು ಯಾವ ಪುಸ್ತಕದಲ್ಲಿಯೂ ಇಲ್ಲದ, ಪಕ್ಕದಲ್ಲಿ ನಿಂತು ನೋಡಿದವರಿಗಲ್ಲದೆ ಕಾಣದ ಸಂಗತಿಗಳು. ಪ್ರಸಿದ್ಧನಾದ ವೈದ್ಯನಿಗೇ ಇನ್ನೊಬ್ಬರ ಕಣ್ಣು ಬೇಕಾದರೆ ಇಪ್ಪತ್ತೈದರ ರೆಸಿಡೆಂಟನಿಗೆ ಬೇಡವೇ?

ಈ ಒತ್ತಾಸೆಯ ಕಾರ್ಯವು ನಡೆಯುವ ಬಗೆ ಸರಳವಾದುದು. ಒಬ್ಬ ಹಿರಿಯ, ಒಬ್ಬ ಕಿರಿಯ; ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅರ್ಧ ತಾಸು ಕುಳಿತು ಮಾತಾಡುವರು. ಹಿರಿಯನು ಉಪದೇಶ ಮಾಡಕೂಡದು. ಇದೇ ಕಷ್ಟದ ಕೆಲಸ. ಈ ನಾಡಿನಲ್ಲಿ ತಲೆ ನರೆತವರಿಗೆಲ್ಲ ಉಪದೇಶವು ಸಹಜವಾಗಿ ಬರುವುದು. ಇಲ್ಲಿ ಕೇಳಬೇಕು. 'ಎಷ್ಟು ತಾಸು ಓದಿದೆ?' ಎಂದಲ್ಲ, 'ಪುಸ್ತಕ ಮುಚ್ಚಿ ಎಷ್ಟು ಹೇಳಬಲ್ಲೆ?' ಎಂದು ಕೇಳಬೇಕು. ಅಮೆರಿಕದ ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ೨೦೦೬ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ಮೇಲೆ ಹೆಚ್ಚು ನೆನಪಿತ್ತು. ರಾತ್ರಿಯೆಲ್ಲ ಗೆರೆ ಎಳೆದು ಓದಿದ ಹುಡುಗನಿಗೆ ದಡ್ಡತನವಿಲ್ಲ, ಓದುವ ಕ್ರಮದಲ್ಲಿ ದೋಷವಿದೆ ಎಂಬುದು ಈ ಒಂದು ಪ್ರಶ್ನೆಯಿಂದ ಅವನಿಗೇ ಹೊಳೆಯುವುದು. ಹೇಳಿಸಿಕೊಂಡುದಕ್ಕಿಂತ ಹೊಳೆದುದು ನಿಲ್ಲುವುದು.

ಅವನ ಕೊರತೆಯಂತೆ ಅವನ ಬಲವನ್ನೂ ತೋರಿಸಿಕೊಡಬೇಕಾದುದು ಹಿರಿಯನ ಕರ್ತವ್ಯ. ೨೦೧೯ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಆರಂಭಕ್ಕೆ ಒಂದು ಬುನಾದಿ ಶಿಕ್ಷಣವನ್ನು ಇಟ್ಟು, ಅದರಲ್ಲಿ ಇಂಗ್ಲಿಷು ಬಾರದವರಿಗೆ ಇಂಗ್ಲಿಷು, ಪರಸ್ಥಳದವರಿಗೆ ಸ್ಥಳೀಯ ಭಾಷೆ ಎಂದು ಏರ್ಪಡಿಸಿದೆ. ಹಳ್ಳಿಯ ಹುಡುಗನು ಮೊದಲನೆಯ ಸಾಲಿನಲ್ಲಿ ನಾಚಿಕೊಂಡು ಕೂಡುವನು. ಆದರೆ ಎರಡನೆಯ ವರ್ಷದಲ್ಲಿ ವಾರ್ಡಿಗೆ ಕಾಲಿಟ್ಟಾಗ ಪಾತ್ರಗಳು ಬದಲಾಗುವುವು. ಮುದುಕಿಯೊಬ್ಬಳು, 'ಜೀವಕ್ಕ ಕಳವಳ ಆಗತೈತ್ರಿ, ಎದಿ ಹಿಡಕೊಂಡಂಗ ಆಗಿ ಕಣ್ಣಿಗೆ ಕತ್ತಲ ಬರತಾವ' ಎಂದಾಗ ಚಿನ್ನದ ಪದಕದವರು ಬರೆಯದೆ ನಿಲ್ಲುವರು. ಇವನು ಮಂಚದ ಅಂಚಿನಲ್ಲಿ ಕುಳಿತು, 'ಯಾವಾಗಿಂದ ಆಯೀ? ನಡದಾಗ ಆಗತೈತೋ ಕುಂತಾಗಲೂ ಆಗತೈತೋ?' ಎಂದು ಕೇಳುವನು. ಹೃದಯರೋಗದ ಲಕ್ಷಣವನ್ನು ಹೊರತೆಗೆಯುವುದಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆ ಯಾವ ಭಾಷೆಯಲ್ಲಿದೆ? ಅದು ವಿದ್ಯೆಯೇ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕು.

ಒತ್ತಾಸೆಗಾರನು ಅಂಕ ಕೊಡುವವನಾಗಿರಬಾರದು. ತೀರ್ಪುಗಾರನೂ ವಸ್ತಾದನೂ ಬೇರೆ ಬೇರೆ ಎಂದು ಮೇಲೆ ಹೇಳಿದುದರ ತಾತ್ಪರ್ಯವಿದು. ಮೌಖಿಕ ಪರೀಕ್ಷೆಯಲ್ಲಿ ಎದುರಿಗೆ ಕೂಡುವ ಪ್ರಾಧ್ಯಾಪಕರ ಮುಂದೆ, 'ರಾತ್ರಿ ಪಾಳಿಯಲ್ಲಿ ಕೈ ನಡುಗಿತು' ಎಂದು ಯಾವ ರೆಸಿಡೆಂಟನೂ ಹೇಳಲಾರ. ಹೇಳಿದ ಮಾತು ಆ ಕೋಣೆಯಿಂದ ಹೊರಗೆ ಹೋಗಬಾರದು. ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ ಇದಕ್ಕೆ ಅಪವಾದ, ಅದನ್ನು ಮೊದಲನೆಯ ದಿನವೇ ಸ್ಪಷ್ಟಪಡಿಸತಕ್ಕದ್ದು. ಎಷ್ಟೋ ಕಾಲೇಜುಗಳಲ್ಲಿ ಮೆಂಟರ್ ಎಂಬ ಹೆಸರಿನಿಂದ ಒಬ್ಬೊಬ್ಬ ಅಧ್ಯಾಪಕರಿಗೆ ಹುಡುಗರನ್ನು ಹಂಚಿಕೊಡುವುದುಂಟು. ಹಾಜರಿಯ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಅದು ಮುಗಿದರೆ ಮರದ ನೆರಳಿನ ಚಿತ್ರದ ಕೆಳಗೆ ಕುಳಿತಂತಾಗುವುದು.

ಈ ಕ್ರಮದಿಂದ ಪ್ರಯೋಜನವುಂಟೇ ಎಂದು ಕೇಳುವವರಿಗೆ ಎರಡು ಪ್ರಯೋಗಗಳನ್ನು ಹೇಳಬಹುದು. ಅಮೆರಿಕದ ಮೇಯೋ ಸಂಸ್ಥೆಯಲ್ಲಿ ೮೮ ಮಂದಿ ವೈದ್ಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದೂರವಾಣಿಯ ಮೂಲಕ ಆರು ಸಲ, ಒಟ್ಟು ಮೂರೂವರೆ ತಾಸು ಮಾತ್ರ, ಇಂಥ ಒತ್ತಾಸೆ ಕೊಡಲಾಯಿತು. ೨೦೧೯ರಲ್ಲಿ ಪ್ರಕಟವಾದ ಆ ವರದಿಯಂತೆ ಮನಸ್ಸು ಬತ್ತಿಹೋದವರ ಪ್ರಮಾಣವು ಆ ಗುಂಪಿನಲ್ಲಿ ನೂರಕ್ಕೆ ಸುಮಾರು ೧೯ರಷ್ಟು ಇಳಿಯಿತು. ಇನ್ನೊಂದರಲ್ಲಿ ಸುಮಾರು ೧೦ರಷ್ಟು ಏರಿತು. ಕೆಲಸದಲ್ಲಿನ ತೃಪ್ತಿಯು ಮಾತ್ರ ಹೆಚ್ಚಲಿಲ್ಲವೆಂಬುದನ್ನು ಮರೆಮಾಡಬಾರದು. ಎರಡನೆಯದು ೨೦೨೨ರಲ್ಲಿ ಪ್ರಕಟವಾದ, ಕೊಲರಾಡೋದಲ್ಲಿ ೧೦೧ ಮಂದಿ ಸ್ತ್ರೀ ರೆಸಿಡೆಂಟರ ಮೇಲೆ ನಡೆದ ಪ್ರಯೋಗ. ಅಲ್ಲಿಯೂ ದಣಿವು ಕಡಮೆಯಾಯಿತು. ಎರಡೂ ಚಿಕ್ಕವು, ಎರಡೂ ಪರದೇಶದವು. ಇವುಗಳ ಬಲದ ಮೇಲೆ ಮೇರುವೆಯನ್ನು ನಿಲ್ಲಿಸಲಾಗದು. ಆದರೆ ಮೂರೂವರೆ ತಾಸಿನ ಖರ್ಚಿಗೆ ಈ ಫಲವು ಕಡಮೆಯೂ ಅಲ್ಲ.

ಒಂದು ಎಚ್ಚರಿಕೆ. ರೆಸಿಡೆಂಟನು ಮೂವತ್ತಾರು ತಾಸು ಎಚ್ಚರವಿದ್ದು, ರಕ್ತದ ಸೀಸೆಗಳನ್ನು ಪ್ರಯೋಗಶಾಲೆಗೆ ತಾನೇ ಹೊತ್ತುಕೊಂಡು ಹೋಗಿ, ರೋಗಿಯ ಗಾಡಿಯನ್ನು ತಾನೇ ತಳ್ಳಿ, ಗುಮಾಸ್ತನ ಬರವಣಿಗೆಯನ್ನೂ ತಾನೇ ಮಾಡುತ್ತಿರುವಾಗ, ಆಡಳಿತದವರು ದಾದಿಯರನ್ನಾಗಲಿ ಆಳುಗಳನ್ನಾಗಲಿ ನೇಮಿಸದೆ ಒಬ್ಬ ಒತ್ತಾಸೆಗಾರನನ್ನು ನೇಮಿಸಿ ಕೈತೊಳೆದುಕೊಂಡರೆ ಅದು ತೂತು ಕೊಡದಲ್ಲಿ ನೀರು ತುಂಬಿದಂತೆ. ಹಾಗೆಯೇ ವ್ಯಾಧಿಯು ವ್ಯಾಧಿಯೇ. ಖಿನ್ನತೆಗೆ ಮದ್ದು ಬೇಕು, ಮನೋವೈದ್ಯರು ಬೇಕು. ಮಾತಿನ ಒತ್ತಾಸೆಯು ಅದಕ್ಕೆ ಬದಲಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತಾಡಬಹುದು, ಬಿಡಿಕಾಸಿನ ಖರ್ಚಿಲ್ಲ. ವೈದ್ಯನಾಗುವವನು ವೈದ್ಯರ ಬಳಿಗೆ ಹೋಗಲು ನಾಚುವುದು ವಿಚಿತ್ರವೇ ಸರಿ. ಆ ನಾಚಿಕೆಯನ್ನು ಬಿಡಿಸುವುದೂ ಒತ್ತಾಸೆಗಾರನ ಕೆಲಸಗಳಲ್ಲಿ ಒಂದು.

ಭಕ್ತವೃಂದದಿಂದ ಆಗಬಹುದಾದುದೂ ಇಲ್ಲದಿಲ್ಲ. ಶ್ರೀಮಠದ ಸದ್ಭಕ್ತರಲ್ಲಿ ನಿವೃತ್ತರಾದ ವೈದ್ಯರೂ ವೈದ್ಯೆಯರೂ ಇದ್ದಾರೆ. ಅವರಿಗೆ ಅಂಕ ಕೊಡುವ ಅಧಿಕಾರವಿಲ್ಲ. ಆದುದರಿಂದಲೇ ಅವರು ಈ ಕೆಲಸಕ್ಕೆ ಅತ್ಯಂತ ಯೋಗ್ಯರು. ತಂದೆತಾಯಿಗಳು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಯು ಅಂಕದ್ದಾಗಿರದೆ ನಿದ್ದೆಯದಾಗಿರಲಿ. ಮೇಲ್ವ್ಯಾಸಂಗದಲ್ಲಿರುವ ಮಗಳಿಗೆ ವಾರವಾರವೂ ವರನ ಪ್ರಸ್ತಾಪ ತರುವುದನ್ನು ಪರೀಕ್ಷೆಯ ಆರು ತಿಂಗಳಾದರೂ ನಿಲ್ಲಿಸಬಹುದು. ಮೊದಲ ಯತ್ನದಲ್ಲಿ ತೇರ್ಗಡೆಯಾಗದವನಿಗೆ ಪೂರಕ ಪರೀಕ್ಷೆಯ ಶುಲ್ಕವನ್ನು ಹೆಸರು ಹೇಳದೆ ತುಂಬುವ ಒಂದು ಸಣ್ಣ ನಿಧಿಯಿದ್ದರೆ ಅದರ ಬೆಲೆಯು ಪದಕಗಳ ನಿಧಿಗಿಂತ ಹೆಚ್ಚು.

ಇದಕ್ಕೆ ಹೊಸ ಕಟ್ಟಡ ಬೇಡ. ಪ್ರಸಾದನಿಲಯದ ವಾಚನಾಲಯದಲ್ಲಿ ಭಾನುವಾರ ಸಾಯಂಕಾಲ ನಾಲ್ಕರಿಂದ ಆರರವರೆಗೆ ಎರಡು ಕುರ್ಚಿಗಳು, ಬಂದವರ ಹೆಸರು ಬರೆಯುವ ಪುಸ್ತಕವಿಲ್ಲ, ಒಬ್ಬ ಹಿರಿಯ ವೈದ್ಯರು, ಒಂದು ಕೆಟಲಿನಲ್ಲಿ ಚಹಾ. ಮೊದಲ ಭಾನುವಾರ ಯಾರೂ ಬಾರದಿದ್ದರೂ ಎರಡನೆಯ ಭಾನುವಾರ ಕುರ್ಚಿಗಳನ್ನು ಅಲ್ಲಿಯೇ ಇರಿಸತಕ್ಕದ್ದು. ಪರೀಕ್ಷೆಯ ಫಲಿತಾಂಶ ಬಂದ ವಾರ ಬಾಗಿಲನ್ನು ರಾತ್ರಿ ಹತ್ತರ ತನಕ ತೆರೆದಿಡುವುದು ಮೇಲು.